ಮಿಲಿಟರಿ ಲಾರಿಯ ನಿವೃತ್ತಿ ಜೀವನ

ಸೇನೆಯಿಂದ ನಿವೃತ್ತನಾದ ಯೋಧನಿಗೆ ಸರ್ಕಾರ ಪಿಂಚಣಿ ಕೊಡುತ್ತದೆ. ಸೇನೆಯಿಂದ ನಿವೃತ್ತವಾದ ಲಾರಿಗೆ ಅದನ್ನು ಕೊಂಡವನು ಕೊಡುತ್ತಾನೆ. ಸೇವಾವಧಿ ಮುಗಿದ ವಾಹನಗಳನ್ನು ಸೇನೆಯವರು ಹರಾಜು ಹಾಕುವ ಕ್ರಮವು ಆಡುಮಾತಿನಲ್ಲಿ ‘ಡಿಸ್ಪೋಸಲ್’ ಎನಿಸಿಕೊಂಡಿದ್ದು, ಈ ಹರಾಜು ಈಗ ಕೇಂದ್ರ ಸರ್ಕಾರದ ಎಂ.ಎಸ್.ಟಿ.ಸಿ. ಸಂಸ್ಥೆಯ ಮೂಲಕ ಆನ್‌ಲೈನ್‌ನಲ್ಲಿ ನಡೆಯುವುದರಿಂದ, ಚಿಂತಾಮಣಿಯ ಮನೆಯೊಂದರ ಜಗಲಿಯಲ್ಲಿ ಕುಳಿತ ಗೃಹಸ್ಥನು ಒಳಗಿರುವ ಹೆಂಡತಿಗೆ ತಿಳಿಯದಂತೆ ದೊಡ್ಡದೊಂದು ಲಾರಿಯ ಒಡೆಯನಾಗುವುದು ಸಾಧ್ಯವಾಗಿದೆ. ತಿಳಿಯದಂತೆ ಅದನ್ನು ಮನೆಯ ಮುಂದೆ ತಂದು ನಿಲ್ಲಿಸುವ ವಿಧಾನ ಮಾತ್ರ ಇನ್ನೂ ಯಾರಿಗೂ ಸಿದ್ಧಿಸಿಲ್ಲ.

ಹೀಗೆ ಬರುವ ವಾಹನಗಳಲ್ಲಿ ಕುಲೀನವೆಂದು ಗಣ್ಯವಾದದ್ದು ಶಕ್ತಿಮಾನ್. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿ ಪಡೆದು 1950ರ ದಶಕದ ಕೊನೆಯಲ್ಲಿ ಜಬಲ್ಪುರದಲ್ಲಿ ತಯಾರಾಗತೊಡಗಿದ ಈ ಡೀಸೆಲ್ ಲಾರಿ 1990ರ ದಶಕದವರೆಗೂ ಹುಟ್ಟುತ್ತಲೇ ಇತ್ತು. ಅದೇ ಊರಿನ ಇನ್ನೊಂದು ಸಂತಾನವಾದ ಜೋಂಗಾ, ಜಪಾನಿನ ನಿಸಾನ್ ಕಂಪನಿಯ ಮಾದರಿಯನ್ನು ಅನುಸರಿಸಿದ, ಜೀಪಿಗಿಂತ ದೊಡ್ಡದೂ ಲಾರಿಗಿಂತ ಚಿಕ್ಕದೂ ಆದ ಗಾಡಿಯಾಗಿದ್ದು, ಅದರ ಆರು ಸಿಲಿಂಡರಿನ, ಸುಮಾರು ನಾಲ್ಕು ಲೀಟರ್ ಗಾತ್ರದ ಪೆಟ್ರೋಲ್ ಎಂಜಿನ್ನಿನ ಬಾಯಾರಿಕೆಯನ್ನು ರಕ್ಷಣಾ ಇಲಾಖೆಯ ಬಜೆಟ್ ತಡೆದುಕೊಂಡಷ್ಟು ಸುಲಭವಾಗಿ ಚಿಂತಾಮಣಿಯ ಗೃಹಸ್ಥನ ರೇಷ್ಮೆಗೂಡಿನ ಆದಾಯ ತಡೆದುಕೊಳ್ಳಲಾರದು. ಆದಕಾರಣ ಅನೇಕರು ಮೂಲ ಎಂಜಿನ್ನನ್ನು ಕಿತ್ತು ಬೇರೆ ಯಾವುದೋ ಗಾಡಿಯ ಡೀಸೆಲ್ ಎಂಜಿನ್ನನ್ನು ಕೂರಿಸುತ್ತಾರೆ. ಹವ್ಯಾಸಿಗಳಲ್ಲಿನ ಮಡಿವಂತರು ಇದನ್ನು ಧರ್ಮಭ್ರಷ್ಟತೆಯೆಂದು ಖಂಡಿಸುತ್ತಾರಾದರೂ, ಆ ಮಡಿವಂತರ ಜೋಂಗಾಗಳು ಪೆಟ್ರೋಲ್ ಬಂಕಿನಿಂದ ಬಹಳ ದೂರ ಹೋದದ್ದನ್ನು ಕಂಡವರು ಕಡಿಮೆ.

ಈ ಹವ್ಯಾಸದ ಮೂಲಭೂತ ವಿರೋಧಾಭಾಸವನ್ನು ಇಲ್ಲಿಯೇ ಹೇಳಿಬಿಡಬೇಕು. ಯುದ್ಧಭೂಮಿಯಲ್ಲಿ, ಕತ್ತಲಲ್ಲಿ, ನಾಲ್ಕಾರು ಸ್ಪಾನರುಗಳನ್ನಷ್ಟೇ ಹಿಡಿದ ಸಾಮಾನ್ಯ ಸಿಪಾಯಿಯೂ ದುರಸ್ತಿ ಮಾಡುವಂತಿರಬೇಕೆಂಬ ಉದ್ದೇಶದಿಂದ ಈ ಗಾಡಿಗಳನ್ನು ರೂಪಿಸಲಾಗಿದೆ. ಅಂದರೆ ಬೋಲ್ಟುಗಳು ಕೈಗೆ ಸಿಗುತ್ತವೆ, ಬಾನೆಟ್ಟಿನ ಕೆಳಗೆ ಮನುಷ್ಯನೊಬ್ಬ ಇಳಿದು ನಿಲ್ಲುವಷ್ಟು ಜಾಗವಿರುತ್ತದೆ, ಕಂಪ್ಯೂಟರ್ ಎಂಬುದು ಎಲ್ಲಿಯೂ ಇರುವುದಿಲ್ಲ. ಇಂದಿನ ಕಾರನ್ನು ಮಾಲೀಕನು ಬಿಚ್ಚಲಾರನಾದ್ದರಿಂದ ಅದು ತನ್ನ ಪಾಡಿಗೆ ಓಡಿಕೊಂಡಿರುತ್ತದೆ; ಮಿಲಿಟರಿ ಲಾರಿಯನ್ನು ಯಾರು ಬೇಕಾದರೂ ಬಿಚ್ಚಬಹುದಾದ್ದರಿಂದ ಅದು ಸದಾ ಬಿಚ್ಚಿಕೊಂಡೇ ಇರುತ್ತದೆ. ಚಿಕ್ಕಬಳ್ಳಾಪುರವನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ರ ಉತ್ತರದ ತುದಿ ಶ್ರೀನಗರದಲ್ಲಿದೆ. ಒಂದು ಕಾಲಕ್ಕೆ ಅಂಥ ಗಡಿನಾಡುಗಳ ಕಣಿವೆಗಳನ್ನು ಹತ್ತಿಳಿದಿರಬಹುದಾದ ಗಾಡಿಯು ಈಗ ಅದೇ ಹೆದ್ದಾರಿಯ ಪಕ್ಕದಲ್ಲಿ ಬಾನೆಟ್ ಎತ್ತಿಕೊಂಡು, ಹೋಗಬೇಕಾದ ಶಿಡ್ಲಘಟ್ಟದ ರಸ್ತೆಯನ್ನು ದಿಟ್ಟಿಸುತ್ತ ನಿಲ್ಲುವುದುಂಟು.

ಕಾನೂನು ಕೂಡ ಈ ಹವ್ಯಾಸದ ವಿಷಯದಲ್ಲಿ ಹಾಸ್ಯಪ್ರಜ್ಞೆಯನ್ನು ತೋರಿಸಿದೆ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ರಕ್ಷಣಾ ಇಲಾಖೆಗೆ ಸೇರಿದವನ್ನು ಬಿಟ್ಟು ಬೇರಾವ ವಾಹನಕ್ಕೂ ಆಲಿವ್ ಹಸಿರು, ಅಂದರೆ ಸೇನೆಯ ಆ ಮಂಕು ಹಸಿರು ಬಣ್ಣ, ಬಳಿಯುವಂತಿಲ್ಲ. ಲಾರಿಯನ್ನು ಮಾರುವ ಸರ್ಕಾರವು ಅದರ ಬಣ್ಣವನ್ನು ಮಾರುವುದಿಲ್ಲವಾದ್ದರಿಂದ, ಹವ್ಯಾಸಿಯು ಪೇಂಟರನ ಬಳಿ ಕುಳಿತು, ಸಂಜೆಯ ಬೆಳಕಿನಲ್ಲಿ ಸೇನೆಯದರಂತೆ ಕಾಣುವ, ಆದರೆ ಆರ್.ಟಿ.ಓ. ಅಧಿಕಾರಿಗಳ ಎದುರಿಗೆ ಹಾಗೆ ಕಾಣದಿರುವ ಹಸಿರೊಂದನ್ನು ಕಲಸಿಸುತ್ತಾನೆ. ಕೆಎ-40 ಎಂಬ ನಾಗರಿಕ ನೋಂದಣಿ ಫಲಕವನ್ನು ಹೊತ್ತ ಇಂಥ ಗಾಡಿಯು ಕೊನೆಗೆ ತರಕಾರಿ ಲಾರಿಯನ್ನೂ ಹೋಲದೆ, ಮಿಲಿಟರಿ ಲಾರಿಯನ್ನೂ ಹೋಲದೆ, ನಾಟಕದ ಕಂಪನಿಯ ಸಾಮಾನು ಗಾಡಿಯಂತೆ ಕಂಗೊಳಿಸುತ್ತದೆ.

ಚಿಕ್ಕಬಳ್ಳಾಪುರ ಪ್ರದೇಶದ ಹವಾಮಾನವು ಈ ಗಾಡಿಗಳಿಗೆ ಅರ್ಧ ಮಿತ್ರ, ಅರ್ಧ ಶತ್ರು. ಕರಾವಳಿಯ ಉಪ್ಪುಗಾಳಿ ತಗಡನ್ನು ತಿಂದುಹಾಕುವಂತೆ ಇಲ್ಲಿನ ಒಣಹವೆ ತಿನ್ನುವುದಿಲ್ಲ. ಆದರೆ ಕೆಮ್ಮಣ್ಣಿನ ಧೂಳು ಎಲ್ಲಿಗೂ ನುಗ್ಗುತ್ತದೆ. ಎಂಜಿನ್ನಿಗೆ ಹೋಗುವ ಗಾಳಿಯನ್ನು ಎಣ್ಣೆಯ ಬಟ್ಟಲಿನ ಮೇಲೆ ಹಾಯಿಸಿ ಧೂಳನ್ನು ಹಿಡಿದಿಡುವ ಹಳೆಯ ಕಾಲದ ಏರ್‌ಕ್ಲೀನರನ್ನು ಬೇಸಿಗೆಯಲ್ಲಿ ಬಿಚ್ಚಿದರೆ, ತಳದಲ್ಲಿ ಗೌರಿಬಿದನೂರಿನ ಹೊಲದ ಒಂದು ತುಣುಕೇ ಸಿಗುತ್ತದೆ. ನೀರಿನ ವಿಷಯ ಇನ್ನೂ ಗಹನವಾದದ್ದು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ, ಅದರಲ್ಲಿ ಕರಗಿರುವ ಸುಣ್ಣದ ಅಂಶ ಬಿಸಿಗೆ ಬೇರ್ಪಟ್ಟು ಕೊಳವೆಗಳ ಒಳಮೈಗೆ ಪದರವಾಗಿ ಅಂಟಿಕೊಂಡು, ಶಾಖ ಹೊರಹೋಗುವ ದಾರಿಯನ್ನು ಮುಚ್ಚಿಬಿಡುತ್ತದೆ. ಆದ್ದರಿಂದ ವಿವೇಕಿಯಾದ ಹವ್ಯಾಸಿಯು ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನುಗಳನ್ನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ. ಲಾರಿಯು ಶುದ್ಧ ನೀರನ್ನೂ ಮನೆಯವರು ಬೋರಿನ ನೀರನ್ನೂ ಕುಡಿಯುವ ಸ್ಥಿತಿ ಒದಗಿದಾಗ ಮನೆಯೊಳಗೆ ನಡೆಯುವ ಚರ್ಚೆಯು ಈ ಪ್ರಬಂಧದ ವ್ಯಾಪ್ತಿಗೆ ಹೊರತಾದದ್ದು.

ದೋಷಪತ್ತೆಯ ಶಾಸ್ತ್ರಕ್ಕೆ ಉತ್ತಮ ನಿದರ್ಶನವೆಂದರೆ ಮೆಕ್ಯಾನಿಕ್ಕುಗಳು ‘ಏರ್ ಹಿಡಿದಿದೆ’ ಎನ್ನುವ ವ್ಯಾಧಿ. ಟ್ಯಾಂಕಿನಿಂದ ಡೀಸೆಲನ್ನು ಹೀರಿಕೊಳ್ಳುವ ಕೊಳವೆಯಲ್ಲಿ ಎಲ್ಲಿಯೋ ಒಂದು ಜೋಡಣೆ ಸಡಿಲವಾದರೆ, ಹೊರಗೆ ಡೀಸೆಲ್ ತೊಟ್ಟಿಕ್ಕುವ ಬದಲು ಒಳಗೆ ಗಾಳಿ ಸೇರುತ್ತದೆ. ದ್ರವವು ಅದುಮಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹೀಗಾಗಿ ಪಂಪಿನ ಒತ್ತಡವೆಲ್ಲ ಗುಳ್ಳೆಯನ್ನು ಅದುಮುವುದರಲ್ಲಿಯೇ ವ್ಯಯವಾಗಿ, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಬಾಯಿ ತೆರೆಯುವುದಿಲ್ಲ. ಚಿಕಿತ್ಸೆ ಸರಳ: ಫಿಲ್ಟರಿನ ಮೇಲಿನ ಸ್ಕ್ರೂವನ್ನು ಸಡಿಲಿಸಿ, ಗುಳ್ಳೆಗಳು ನಿಲ್ಲುವವರೆಗೆ ಕೈಪಂಪನ್ನು ಒತ್ತಿ, ಮತ್ತೆ ಬಿಗಿಯುವುದು. ಆದರೆ ಗಾಳಿ ಒಳಹೊಕ್ಕ ಜಾಗ ಒದ್ದೆಯಾಗುವುದಿಲ್ಲವಾದ್ದರಿಂದ ಅದನ್ನು ಪತ್ತೆಮಾಡುವುದು ಅಧ್ಯಾತ್ಮಕ್ಕೆ ಸಮೀಪದ ಕೆಲಸ. ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆದು, ನೆಲದಾಳದ ನೀರಿನ ಸೆಲೆಯನ್ನು ಹೇಳುವವರನ್ನು ತಲೆಮಾರುಗಳಿಂದ ನಂಬಿಕೊಂಡು ಬಂದ ಈ ಸೀಮೆಯಲ್ಲಿ, ಕಾಣದ್ದನ್ನು ಊಹಿಸುವ ವಿದ್ಯೆಗೆ ಕೊರತೆಯಿಲ್ಲವೆಂಬುದೊಂದು ಅನುಕೂಲ.

ದೋಷಪತ್ತೆಯ ಪ್ರಥಮ ಸೂತ್ರವು ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕೆಂದು ವಿಧಿಸುತ್ತದೆ. ಹಾಗಿಲ್ಲವಾದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯುವುದಿಲ್ಲ. ಆದರೆ ಬಾನೆಟ್ ಎತ್ತಿದ ಲಾರಿಯ ಸುತ್ತ ಟ್ರ್ಯಾಕ್ಟರ್ ಇರುವವನು, ಮೋಟಾರ್ ರೀವೈಂಡಿಂಗ್ ಮಾಡುವವನು, ಸೇನೆಯಲ್ಲಿ ಡ್ರೈವರಾಗಿದ್ದು ಬಂದವನು, ಏನೂ ಕೆಲಸವಿಲ್ಲದವನು ಎಂಬ ನಾಲ್ವರು ತಜ್ಞರು ತಕ್ಷಣವೇ ನೆರೆಯುವುದರಿಂದ, ಒಬ್ಬನು ಬ್ಯಾಟರಿಯ ಟರ್ಮಿನಲ್ ಉಜ್ಜುತ್ತಿರುವಾಗಲೇ ಇನ್ನೊಬ್ಬನು ಕ್ಲಿಪ್ ಬಿಗಿಯುತ್ತಾನೆ, ಮತ್ತೊಬ್ಬನು ಫಿಲ್ಟರ್ ಬಿಚ್ಚುತ್ತಾನೆ. ನಾಲ್ಕನೆಯವನು ‘ಸೆಲ್ಫ್ ಹೊಡೀರಣ್ಣಾ, ನೋಡಾಣ’ ಎನ್ನುತ್ತಾನೆ. ‘ಸೆಲ್ಫ್’ ಎಂದರೆ ಬ್ಯಾಟರಿಯ ಬಲದಿಂದ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಮೋಟಾರು. ಗಾಡಿ ಗುಡುಗಿಕೊಂಡು ಎದ್ದುಬಿಟ್ಟರೆ ನಾಲ್ಕು ಸಿದ್ಧಾಂತಗಳೂ ಏಕಕಾಲಕ್ಕೆ ಸಾಬೀತಾಗುತ್ತವೆ, ಮತ್ತು ಮರುದಿನ ಅದು ಏಳದಿದ್ದಾಗ ನಾಲ್ವರೂ ಉಳಿದ ಮೂವರನ್ನು ಹೊಣೆಯಾಗಿಸುತ್ತಾರೆ. ಹಿರಿಯ ಮೆಕ್ಯಾನಿಕ್ಕು ಮಾತ್ರ ಬೀಡಿ ಆರಿಸಿ, ‘ಮಿಲ್ಟ್ರಿ ಗಾಡಿ ಸಾರ್, ಹಂಗೆಲ್ಲ ಸಾಯಲ್ಲ’ ಎಂದು ಅಭಯವೀಯುತ್ತಾನೆ. ಅವನ ಆದಾಯವನ್ನು ಗಮನಿಸಿದರೆ ಅದು ಪ್ರಾರ್ಥನೆಯೂ ಹೌದು.

ಬಿಡಿಭಾಗಗಳಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಯನ್ನೂ ಶಿವಾಜಿನಗರದ ಗುಜರಿಯನ್ನೂ ಸುತ್ತುವುದು, ಸಿಗದ ಬುಷ್ಷನ್ನು ಲೇತಿನವನಿಂದ ಕಡೆಸುವುದು, ಅವನು ಬೋರಿನ ಪಂಪಿನ ಕೆಲಸ ಮುಗಿಸುವವರೆಗೆ ಕಾಯುವುದು ಇವೆಲ್ಲ ದಿನಚರಿಯ ಅಂಗಗಳು. ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯ ಗೌರವವನ್ನು ಕೇಂದ್ರ ಸರ್ಕಾರ 2021ರಲ್ಲಿ ದಯಪಾಲಿಸಿತಾದರೂ, ಅದು ದ್ವಿಚಕ್ರ ವಾಹನಗಳಿಗೂ ಸ್ವಂತ ಬಳಕೆಯ ಕಾರಿನ ವರ್ಗದ ವಾಹನಗಳಿಗೂ ಸೀಮಿತವಾಗಿ, ಲಾರಿಯು ಹೊರಗೇ ಉಳಿಯಿತು. ಹಳೆಯ ಕಾರನ್ನು ಇಟ್ಟುಕೊಂಡವನು ಪರಂಪರೆಯ ರಕ್ಷಕನೆನಿಸಿಕೊಂಡರೆ, ಹಳೆಯ ಲಾರಿಯನ್ನು ಇಟ್ಟುಕೊಂಡವನನ್ನು ‘ಬಾಡಿಗೆಗೆ ಬಿಡ್ತೀರಾ?’ ಎಂದು ಕೇಳಲಾಗುತ್ತದೆ. ಮನೆಯವರ ಪ್ರಶ್ನೆಯೂ ಅದೇ: ಇಷ್ಟು ದೊಡ್ಡ ಗಾಡಿ ಸುಮ್ಮನೆ ನಿಂತಿರುವ ಬದಲು ಚಿಂತಾಮಣಿಯ ಮಾರುಕಟ್ಟೆಗೆ ಒಂದು ಲೋಡು ಟೊಮೆಟೊವನ್ನಾದರೂ ಹೊತ್ತುಕೊಂಡು ಹೋಗಬಾರದೇ? ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿಯುವ ದಿನಗಳಲ್ಲಿ ಈ ಮಾತು ಯಾರ ಬಾಯಿಂದಲೂ ಬರುವುದಿಲ್ಲ, ಲಾರಿಯೂ ಆಗ ಮೊದಲ ಸೆಲ್ಫಿಗೇ ಎದ್ದು ನಿಲ್ಲುತ್ತದೆ. ಬೆಲೆ ಏರಿದ ವಾರ ಮಾತ್ರ ಪ್ರಸ್ತಾಪ ಮೇಲೆದ್ದು, ಕ್ರೇಟುಗಳನ್ನೆಲ್ಲ ತುಂಬಿಸಿ ಹಗ್ಗ ಬಿಗಿದಾದ ಮೇಲೆ, ಗಾಡಿಗೆ ಏರ್ ಹಿಡಿದಿರುತ್ತದೆ.