ಬರುವಾಗ ಕಟ್ಟುಮಸ್ತು, ಹೋಗುವಾಗ ಹುಟ್ಟುರೋಗಿ

ಸೇನಾ ಭರ್ತಿಗೆ ಹೋದ ಹುಡುಗನ ಬಾಯಿ ತೆರೆಸಿ ಹಲ್ಲು ಎಣಿಸುತ್ತಾರೆ. ಲೆಕ್ಕದಲ್ಲಿ 14 ಅಂಕ ಬರಲೇಬೇಕು. ನೆಟ್ಟಗೆ ನಿಲ್ಲಿಸಿದಾಗ ಮಂಡಿಗೆ ಮಂಡಿ ತಾಗಿದರೆ ಮನೆಗೆ. ಅಂಗಾಲು ಚಪ್ಪಟೆಯಾಗಿದ್ದರೆ ಮನೆಗೆ. ಕಿವಿಯಲ್ಲಿ ಗುಗ್ಗೆ ಕಂಡರೂ ಮುಖ ಸಿಂಡರಿಸುತ್ತಾರೆ. ಹೆಣ್ಣು ಕೊಡುವ ಮಾವನೂ ಅಳಿಯನನ್ನು ಇಷ್ಟು ತಡಕುವುದಿಲ್ಲ. ಇದೆಲ್ಲ ದಾಟಿದವನ ಹೆಸರಿನ ಮುಂದೆ ಸೇನೆಯ ವೈದ್ಯರು ಷರಾ ಬರೆಯುತ್ತಾರೆ: ಯಾವ ಊನವೂ ಇಲ್ಲ.

ಅದೇ ಹುಡುಗ ಕೆಲವು ವರ್ಷ ಗಡಿ ಕಾದು, ನಿದ್ದೆಗೆಟ್ಟು, ಮೂರ್ಛೆ ಬಿದ್ದೋ ಮನಸ್ಸು ಕದಡಿಯೋ ವೈದ್ಯಕೀಯ ಮಂಡಳಿಯ ಮುಂದೆ ನಿಂತನೆನ್ನಿ. ಆಗ ಅದೇ ಸೇನೆಯ ವೈದ್ಯಶಾಸ್ತ್ರಕ್ಕೆ ದಿವ್ಯದೃಷ್ಟಿ ಬರುತ್ತದೆ. ಕಾಯಿಲೆ ಇವನ ರಕ್ತದಲ್ಲೇ ಇತ್ತು, ಹುಟ್ಟಿನಿಂದಲೇ ಬಂದದ್ದು. ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಕಿವಿಯ ಗುಗ್ಗೆ ಹಿಡಿದ ಕಣ್ಣಿಗೆ ಅಂದು ವಂಶದ ರೋಗ ಏಕೆ ಕಾಣಲಿಲ್ಲ ಎಂದು ಕೇಳಬಾರದು. ಅದು ಶಿಸ್ತಿನ ಉಲ್ಲಂಘನೆ.

ಧರ್ಮವೀರ್ ಸಿಂಗ್ ಎಂಬ ಸಿಪಾಯಿ ಕೇಳಿಬಿಟ್ಟರು. 1985ರಲ್ಲಿ ಸೇರಿದವರು, ಮೂರ್ಛೆರೋಗವೆಂದು 1994ರಲ್ಲಿ ಹೊರಬಿದ್ದವರು. ಅಂಗವೈಕಲ್ಯ ಶೇ 20. ಈ ಶೇ 20 ಎಂದರೆ ಎಷ್ಟು ದುಡ್ಡು? ಇಂದಿನ ಲೆಕ್ಕದಲ್ಲಿ, ಪೂರ್ತಿ ನೂರಕ್ಕೆ ನೂರು ಊನವಾದವನಿಗೆ ಕೊನೆಯ ಸಂಬಳದ ಶೇ 30. ಆ ಅಳತೆಯಲ್ಲಿ ಇಪ್ಪತ್ತಕ್ಕೆ ಬರುವುದು ಶೇ 6. ದೇಶದ ಬೊಕ್ಕಸ ಬರಿದಾಗದಂತೆ ಕಾಯಲು ಸರ್ಕಾರ ಟೊಂಕ ಕಟ್ಟಿ ನಿಂತಿತು. ಹೈಕೋರ್ಟಿನ ಏಕಸದಸ್ಯ ಪೀಠದಲ್ಲಿ ಸಿಪಾಯಿ ಗೆದ್ದರೆ, ಸರ್ಕಾರ ಮೇಲ್ಮನವಿ ಹಾಕಿ ಗೆದ್ದಿತು. ಕೊನೆಗೆ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಸೇರುವಾಗ ಕಾಯಿಲೆಯ ದಾಖಲೆ ಇಲ್ಲದಿದ್ದರೆ ಅದು ಸೇವೆಯಲ್ಲೇ ಬಂತೆಂದು ತಿಳಿಯಬೇಕು, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದೇ, ಸೈನಿಕನದಲ್ಲ. ಕೋರ್ಟು ಹೊಸದೇನನ್ನೂ ಕಂಡುಹಿಡಿದಿರಲಿಲ್ಲ. 1982ರ ನಿಯಮದಲ್ಲಿ ಸರ್ಕಾರವೇ ಹಾಗೆ ಬರೆದುಕೊಂಡಿತ್ತು. ಸರ್ಕಾರದ ನಿಯಮವನ್ನು ಸರ್ಕಾರಕ್ಕೇ ಓದಿ ಹೇಳಲು 19 ವರ್ಷ ಹಿಡಿಯಿತು, ಅಷ್ಟೆ.

ಸೋತ ಮೇಲೆ ಸುಮ್ಮನಿರುವುದು ಹೇಡಿತನ. 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದೇ ಏಟಿಗೆ ಸರ್ಕಾರದ ಸುಮಾರು 880 ಮೇಲ್ಮನವಿಗಳನ್ನು ತಳ್ಳಿಹಾಕಿತು. ಎಲ್ಲವೂ ಊನಗೊಂಡ ಸೈನಿಕರ ಪಿಂಚಣಿಯ ವಿರುದ್ಧ ಹೂಡಿದವು. ಶತ್ರುವಿನ ಮೇಲೂ ಇಷ್ಟು ಸಾಲುಸಾಲು ದಾಳಿ ನಡೆದಿರಲಿಕ್ಕಿಲ್ಲ. ಮರುವರ್ಷ ರಕ್ಷಣಾ ಸಚಿವರೇ ನೇಮಿಸಿದ ತಜ್ಞರ ಸಮಿತಿ, ಇಂಥ ಮೊಕದ್ದಮೆಗಳನ್ನು ಕೈಬಿಡಿ ಎಂದಿತು. ಆಮೇಲೂ ಮೇಲ್ಮನವಿಗಳು ನಿಲ್ಲಲಿಲ್ಲ. ಕೊಡಗಿನ ಜವಾನನೊಬ್ಬ ನ್ಯಾಯ ಕೇಳಬೇಕೆಂದರೆ ಮೊದಲು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ದಾರಿ ಹಿಡಿಯಬೇಕು. ಕುಂಟುವ ಕಾಲಿಗೆ ವ್ಯಾಯಾಮ ಒಳ್ಳೆಯದು.

ಮನಸ್ಸಿಗೆ ಬಿದ್ದ ಪೆಟ್ಟಿನ ಕಥೆಯಂತೂ ಇನ್ನೂ ಸೊಗಸು. ಕಾಶ್ಮೀರದ ಕಾರ್ಯಾಚರಣೆ ಮುಗಿಸಿ ಬಂದವನಿಗೆ ರಾತ್ರಿ ಹೆದರಿಕೆ ಶುರುವಾಗುವುದು ಹೆಚ್ಚಾಗಿ ಮಂದಿ ಕೊಂಚ ಉಸಿರು ಬಿಡುವ ಶಾಂತಿ ನೆಲೆಯಲ್ಲೇ. ಅಲ್ಲೇ ಸಿಕ್ಕಿಬೀಳುತ್ತಾನೆ. ಶಾಂತಿ ನೆಲೆಯಲ್ಲಿ ಕಾಣಿಸಿಕೊಂಡ ಅಶಾಂತಿಗೆ ಸೇವೆ ಹೇಗೆ ಕಾರಣವಾದೀತು? ತಾತನಿಗೆ ತಲೆ ಕೆಟ್ಟಿತ್ತೇ, ಹೆಂಡತಿಯ ಜೊತೆ ಜಗಳವೇ ಎಂದು ವಿಚಾರಿಸುತ್ತಾರೆ. ಬಾಂಬಿನ ವಿಚಾರ ಕೊನೆಗೆ.

ಮಹಾಲೇಖಪಾಲರು 2023ರಲ್ಲಿ ಇನ್ನೊಂದು ಸಂಗತಿ ತೋರಿಸಿದರು. ಅಂಗವೈಕಲ್ಯ ಪಿಂಚಣಿ ಪಡೆದು ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲಿ ಎರಡು ಪಟ್ಟಿನಷ್ಟು. ಬಿಪಿ, ಸಕ್ಕರೆಯ ಪಾಲೂ ಅದರಲ್ಲಿದೆ. ಮೇಜಿನ ಹಿಂದೆ ಕೂತವನ ದೇಹಕ್ಕೆ ಕಂದಕದಲ್ಲಿದ್ದವನದ್ದಕ್ಕಿಂತ ಹೆಚ್ಚು ಅಪಾಯ ಎಂದು ಇದರಿಂದ ಸಿದ್ಧವಾಯಿತು. ಸೋರಿಕೆ ತಡೆಯಬೇಕೆಂಬ ಕೂಗೆದ್ದಾಗ ಮಾತ್ರ ಕತ್ತರಿಯ ಬಾಯಿಗೆ ಮೊದಲು ಸಿಗುವುದು ಸಿಪಾಯಿಯ ಶೇ 6.

ಇನ್ನು ಸೇನಾ ಅಕಾಡೆಮಿಯ ತರಬೇತಿಯಲ್ಲೇ ಮೂಳೆ ಮುರಿದುಕೊಂಡೋ ಬೇರೆ ಪೆಟ್ಟು ತಿಂದೋ ಊನವಾಗಿ ಹೊರಬಿದ್ದ ಕೆಡೆಟ್‌ಗಳು. 1985ರಿಂದ ಈಚೆಗೆ ಇಂಥವರು ಸುಮಾರು 500 ಮಂದಿ. ಅವರು ಇನ್ನೂ ಅಧಿಕಾರಿಗಳಾಗಿರಲಿಲ್ಲವಲ್ಲ, ಆದ್ದರಿಂದ ಮಾಜಿ ಸೈನಿಕರೂ ಅಲ್ಲ. ಪಿಂಚಣಿಯ ಬದಲು ಒಂದಿಷ್ಟು ಕೃಪಾಧನ. ಮೂಳೆ ಸ್ವಲ್ಪ ತಾಳ್ಮೆಯಿಂದಿದ್ದು ಅಧಿಕಾರಿಯ ಪದವಿ ಸಿಕ್ಕ ಮರುದಿನ ಮುರಿಯಬೇಕಿತ್ತು. 2025ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಈ ವಿಷಯ ಕೈಗೆತ್ತಿಕೊಂಡಿತು. ಯಾರೋ ಒಬ್ಬರಿಗಾದರೂ ಮುಜುಗರವಾಯಿತಲ್ಲ.

ಹಾಗಾಗಿ ಮುಂದಿನ ಭರ್ತಿಗೆ ಓಡುವ ಹುಡುಗರಿಗೆ ಕೆಲವು ಕಿವಿಮಾತು. ರಜೆಯ ಮೇಲೆ ಊರಿಗೆ ಹೊರಟಾಗ ಸ್ವಂತ ದುಡ್ಡಿನಲ್ಲಿ ಟಿಕೆಟ್ ಕೊಳ್ಳಬೇಡಿ. ತಮಾಷೆಯಲ್ಲ, ಹಾಗೆ ಕೊಂಡು, ರೈಲಿನಿಂದಿಳಿಯುವಾಗ ಬಿದ್ದು ಕೈ ಕಳೆದುಕೊಂಡ ಸೈನಿಕರೊಬ್ಬರಿಗೆ ‘ಪ್ರಯಾಣ ಸರ್ಕಾರಿ ಖರ್ಚಿನದಲ್ಲ’ ಎಂದು ಪಿಂಚಣಿ ನಿರಾಕರಿಸಿದ್ದರು. 1999ರಲ್ಲಿ ಸುಪ್ರೀಂ ಕೋರ್ಟಿನ ತನಕ ಹೋಗಿ ಗೆಲ್ಲಬೇಕಾಯಿತು. ಮೂರ್ಛೆ ಬೀಳುವುದಿದ್ದರೆ ಸಿಯಾಚಿನ್‌ನಲ್ಲೇ ಬೀಳಿ, ಜಬಲ್‌ಪುರದ ಶಾಂತಿ ನೆಲೆಯಲ್ಲಿ ಬೇಡ. ಹುಚ್ಚು ಹಿಡಿಯುವುದನ್ನು ಕರ್ತವ್ಯದ ವೇಳೆಗೆ ಹೊಂದಿಸಿಕೊಂಡು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿಡಿ. ಭರ್ತಿಯ ದಿನವೇ ತಾತ ಮುತ್ತಾತಂದಿರ ಆರೋಗ್ಯ ಪತ್ರವನ್ನೂ ಜೊತೆಗೊಯ್ದರೆ ಇನ್ನೂ ವಾಸಿ.