ನಿದ್ರಾಧಿಕಾರ ಮೀಮಾಂಸೆ

ಮೇಜಿನ ಸುತ್ತ ಕುಳಿತು ಆಡತಕ್ಕ ಪಾತ್ರಾಭಿನಯದ ಆಟಗಳಲ್ಲಿ ಕಥೆಯ ಗತಿಗೆ ಒಡೆಯನಾರೆಂಬ ಪ್ರಶ್ನೆಯನ್ನು, ಇದಕ್ಕಿಂತ ಕ್ಷುದ್ರವಾದ ಎಷ್ಟೋ ಪ್ರಶ್ನೆಗಳಿಗೆ ವಿದ್ವಾಂಸರು ಸಂಪುಟಗಟ್ಟಲೆ ಭಾಷ್ಯ ಬರೆದಿರುವುದನ್ನು ಕಂಡು ಧೈರ್ಯಗೊಂಡು, ವಿಷಯ, ಪೂರ್ವಪಕ್ಷ, ಸಿದ್ಧಾಂತಗಳ ಕ್ರಮದಲ್ಲಿ ಇಲ್ಲಿ ವಿಚಾರಕ್ಕೆತ್ತಿಕೊಂಡಿದ್ದೇನೆ. ಈ ಶಾಸ್ತ್ರದ ಮೂಲಸೂತ್ರಗಳು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವಾ ಎಂಬ ಊರಿನಿಂದ ಮೂರು ಕಿರುಹೊತ್ತಗೆಗಳಾಗಿ ಹೊರಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ನಲ್ಲಿವೆ, ಸೂತ್ರಕಾರರು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್. ಮುಂದೆ ಡಂಜನ್ ಮಾಸ್ಟರ್ ಎಂಬ ಬಿರುದು ಪಡೆದ ಒಬ್ಬನು ರಟ್ಟಿನ ಮರೆಯ ಹಿಂದೆ ಕುಳಿತು ನೆಲಮಾಳಿಗೆಯನ್ನೂ ಅದರೊಳಗಿನ ರಾಕ್ಷಸರನ್ನೂ ಬಾಯಿಮಾತಿನಲ್ಲೇ ಕಟ್ಟುತ್ತಾನೆ. ಉಳಿದವರು ಯೋಧ, ಕಳ್ಳ, ಮಾಂತ್ರಿಕರಾಗಿ ಅದರೊಳಕ್ಕೆ ಇಳಿಯುತ್ತಾರೆ. ಫಲವನ್ನು ದಾಳಗಳು ನುಡಿಯುತ್ತವೆ. ವಿಷಯವು ಇಷ್ಟೆ.

ಇಲ್ಲಿ ಪೂರ್ವಪಕ್ಷಿಯು, ಜಗತ್ತನ್ನು ಸೃಷ್ಟಿಸುವವನೇ ಕಾಲಕ್ಕೂ ಕರ್ತನಾಗಿರುವುದು ಯುಕ್ತವಾದುದರಿಂದ ಗತಿಯು ಡಂಜನ್ ಮಾಸ್ಟರನ ಅಧೀನವೆನ್ನುತ್ತಾನೆ. ಅವನ ಪರವಾಗಿ ಪ್ರಮಾಣವೂ ಉಂಟು. ಮೂಲಸೂತ್ರದಲ್ಲಿ ನೆಲಮಾಳಿಗೆಯ ಕಾಲವನ್ನು ಹತ್ತು ಹತ್ತು ನಿಮಿಷಗಳ ‘ಟರ್ನ್’ಗಳಾಗಿ ಒಡೆದು, ಪ್ರತಿಯೊಂದು ಟರ್ನಿನ ಕೊನೆಗೂ ಆರು ಮುಖದ ದಾಳವನ್ನು ಉರುಳಿಸತಕ್ಕದ್ದೆಂದೂ, ಆರು ಬಿದ್ದಲ್ಲಿ ಅಲೆಮಾರಿ ರಾಕ್ಷಸನೊಬ್ಬನು ಬಂದೇ ಬರತಕ್ಕದ್ದೆಂದೂ ವಿಧಿಸಿದೆ, ಇದು ಹೊತ್ತುಗಳೆಯುವವರಿಗೆ ಏರ್ಪಟ್ಟ ದಂಡವೆಂಬುದು ಸ್ಪಷ್ಟ. ಸಾಲದೆಂಬಂತೆ ಗೈಗ್ಯಾಕ್ಸನು 1979ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ, ಕಾಲದ ಲೆಕ್ಕವಿಡದೆ ಆಡುವ ಆಟಕ್ಕೆ ಅರ್ಥವಿಲ್ಲವೆಂಬ ತನ್ನ ಮತವನ್ನು ದೊಡ್ಡಕ್ಷರಗಳಲ್ಲಿ ಅಚ್ಚುಹಾಕಿಸಿದ್ದಾನೆ. ದೊಡ್ಡಕ್ಷರ ಬೇಕಾಯಿತೆಂಬುದರಿಂದಲೇ ಲೆಕ್ಕವನ್ನು ಯಾರೂ ಇಡುತ್ತಿರಲಿಲ್ಲವೆಂಬುದು ಅನುಮಾನಪ್ರಮಾಣದಿಂದ ಸಿದ್ಧ.

ಈ ಪಕ್ಷವು ಮುಚ್ಚಿದ ಒಂದು ಬಾಗಿಲಿನ ಮುಂದೆ ಭಗ್ನವಾಗುತ್ತದೆ. ಎದುರಿಗೆ ಮರದ ಬಾಗಿಲೊಂದಿದೆಯೆಂದು ಮಾಸ್ಟರನು ನುಡಿದನೆನ್ನಿ; ಅದರಾಚೆ ಪೊರಕೆಗಳನ್ನಿಡುವ ಕೋಣೆಯಲ್ಲದೆ ಮತ್ತೇನೂ ಇಲ್ಲ, ಇದನ್ನು ಅವನೊಬ್ಬನೇ ಬಲ್ಲ. ಕಳ್ಳನು ಬಾಗಿಲಿಗೆ ಕಿವಿಯಿಡುತ್ತಾನೆ, ಯೋಧನು ಒದೆಯೋಣವೆನ್ನುತ್ತಾನೆ, ಮೂರನೆಯವನು ಹತ್ತಡಿಯ ಗಳುವಿನಿಂದ ತಿವಿದು ನೋಡಬೇಕೆಂದೂ, ಆದರೆ ಗಳುವು ಕುದುರೆಯ ಮೇಲೆ ಉಳಿಯಿತೆಂದೂ ನೆನೆಯುತ್ತಾನೆ. ಅರ್ಧ ಘಂಟೆ ಕಳೆದ ಬಳಿಕ ಮಾಸ್ಟರನು ಕರುಣೆಯಿಂದ, “ಬಾಗಿಲಿಗೆ ಬೀಗವಿಲ್ಲ” ಎನ್ನುತ್ತಾನೆ. ಒಡನೆಯೇ ಸಭೆಯಲ್ಲಿ ನಿಶ್ಶಬ್ದವುಂಟಾಗಿ, “ನಾವು ಕೇಳದೆಯೇ ಇವನೇಕೆ ಇದನ್ನು ಹೇಳಿದ?” ಎಂಬ ಹೊಸ ಸಂಶಯವು ಹುಟ್ಟಿ, ಮತ್ತೊಂದು ಅರ್ಧ ಘಂಟೆ ಅದರ ಪರಿಹಾರಕ್ಕೆ ಸಲ್ಲುತ್ತದೆ. ತಾನು ಕಟ್ಟಿದ ಪೊರಕೆಯ ಕೋಣೆಯೊಳಕ್ಕೆ ಯಾರನ್ನೂ ಹೊಗಿಸಲಾರದವನನ್ನು ಕಾಲಕರ್ತನೆನ್ನುವುದು ಉಪಚಾರದ ಮಾತು.

ನಿಯಮಗ್ರಂಥವೇ ಗತಿಗೆ ಕರ್ತವೆಂಬ ಎರಡನೆಯ ಪಕ್ಷಕ್ಕೆ ಬಹಳ ಶ್ರಮಪಡಬೇಕಾಗಿಲ್ಲ. ಇಂದಿನ ನಿಯಮದಲ್ಲಿ ಯುದ್ಧದ ಒಂದು ಸುತ್ತಿಗೆ ಆರು ಸೆಕೆಂಡುಗಳು. ಆ ಆರು ಸೆಕೆಂಡು ಮೇಜಿನ ಮೇಲೆ ಮುಗಿಯುವಷ್ಟರಲ್ಲಿ ಚಹಾ ಆರಿರುತ್ತದೆ. 2023ರ ‘ಶ್ಯಾಡೋಡಾರ್ಕ್’ ಎಂಬ ಆಟವು ಒಂದು ಪಂಜಿಗೆ ನಿಜವಾದ ಒಂದು ಘಂಟೆಯ ಆಯುಸ್ಸನ್ನು ಗೊತ್ತುಮಾಡಿ ಗಡಿಯಾರಕ್ಕೇ ಪಟ್ಟಕಟ್ಟಿತೆಂಬುದನ್ನೂ, 2009ರ ‘ಫಿಯಾಸ್ಕೊ’ ಮಾಸ್ಟರನ ಹುದ್ದೆಯನ್ನೇ ರದ್ದುಮಾಡಿತೆಂಬುದನ್ನೂ ಬಲ್ಲೆ. ಅವು ಶಾಖಾಂತರಗಳಾದುದರಿಂದ ಇಲ್ಲಿ ಅಪ್ರಸ್ತುತ.

ಇನ್ನು ಸಿದ್ಧಾಂತ. ಪ್ರಯೋಗಿಸಿದ ಮಂತ್ರವು ಚಿತ್ತದಿಂದ ಅಳಿಸಿಹೋಗುವುದೆಂಬ ಕಲ್ಪನೆಯನ್ನು ಗೈಗ್ಯಾಕ್ಸನು ಜಾಕ್ ವ್ಯಾನ್ಸ್ ಎಂಬ ಕಥೆಗಾರನ 1950ರ ‘ದಿ ಡೈಯಿಂಗ್ ಅರ್ತ್’ನಿಂದ ತಂದನು, ಇಂದು ಮರೆವು ಹೋಗಿ, ಮಲಗಿ ಏಳುವವರೆಗೆ ಇಷ್ಟೇ ಮಂತ್ರಗಳೆಂಬ ಮಿತಿಯೊಂದೇ ಉಳಿದಿದೆ. 2014ರ ಐದನೆಯ ಆವೃತ್ತಿಯು ಒಂದು ದಿನದ ಸಾಹಸದಲ್ಲಿ ಸಾಧಾರಣವಾದ ಇಲ್ಲವೆ ಕಠಿಣವಾದ ಆರರಿಂದ ಎಂಟು ಸಂಘರ್ಷಗಳನ್ನು ಆಡುಗರು ತಾಳಬಲ್ಲರೆಂದು ಎಣಿಸಿದೆ. ಆದರೆ ನಮ್ಮ ಮಾಂತ್ರಿಕನು, ಕೋಲೆತ್ತಿದರೆ ಓಡುವ ಮೂರು ಗಾಬ್ಲಿನ್‌ಗಳ ಮೇಲೆ ಇದ್ದಬದ್ದ ಅಗ್ನಿಗೋಲಗಳನ್ನೆಲ್ಲ ಬೆಳಗಿನ ಒಂಬತ್ತಕ್ಕೇ ಸುರಿದು, “ನನ್ನಲ್ಲಿ ಏನೂ ಉಳಿದಿಲ್ಲ, ಮಲಗೋಣ” ಎನ್ನುತ್ತಾನೆ. ಎಂಟು ಘಂಟೆಗಳ ದೀರ್ಘವಿಶ್ರಾಂತಿಯ ಫಲವು ಇಪ್ಪತ್ತನಾಲ್ಕು ಘಂಟೆಗಳಲ್ಲಿ ಒಮ್ಮೆ ಮಾತ್ರವೆಂದು ಆ ಆವೃತ್ತಿಯಲ್ಲಿ ನಿಯಮವಿರುವುದರಿಂದ, ರಾತ್ರಿಯೆಲ್ಲ ಮಲಗಿ ಎದ್ದ ಆತನು ಮತ್ತೆ ನಿದ್ರೆಗೆ ಅರ್ಹನಾಗಲು ಹಗಲೆಲ್ಲ ಗುಹೆಯ ಗೋಡೆಗೆ ಒರಗಿ ಕಾಯಬೇಕು. ಅವನಿಲ್ಲದೆ ಮುಂದುವರಿದರೆ ಸಾಯುವೆವೆಂದು ಬಲ್ಲ ಉಳಿದವರೂ ಗೊಣಗುತ್ತ ಕಾಯುತ್ತಾರೆ. ನಡುರಾತ್ರಿಗೆ ಬಲಿಯಾಗಬೇಕಾದ ರಾಜಪುತ್ರನೂ, ಬಲಿಕೊಡಬೇಕಾದ ಪುರೋಹಿತನೂ, ಪೀಠದ ಮುಂದೆ ಕತ್ತಿಯೊಡನೆ ಕಾಯುತ್ತಾರೆ. ಗತಿಯು ಕಥೆಯನ್ನು ನಡೆಸುವವನ ಸೊತ್ತಲ್ಲ, ನಿಲ್ಲಿಸಬಲ್ಲವನ ಸೊತ್ತು. ಇದಕ್ಕೆ ‘ನಿದ್ರಾಧಿಕಾರ’ವೆಂದು ಹೆಸರಿಟ್ಟಿದ್ದೇನೆ.

ಮಾಂತ್ರಿಕನು ಎಲ್ಫ್ ಜಾತಿಯವನಾದರೆ ಹೇಗೆಂದು ಕುಶಾಗ್ರಮತಿಯೊಬ್ಬನು ಆಕ್ಷೇಪಿಸಬಹುದು. ಎಲ್ಫರು ನಿದ್ರಿಸುವುದಿಲ್ಲ, ಮನುಷ್ಯನಿಗೆ ಎಂಟು ಘಂಟೆಯ ನಿದ್ರೆಯಿಂದ ಒದಗುವುದು ಅವರಿಗೆ ನಾಲ್ಕು ಘಂಟೆಯ ಧ್ಯಾನದಿಂದಲೇ ಒದಗುತ್ತದೆ, ಆದುದರಿಂದ ಅಧಿಕಾರವು ಅರ್ಧಕ್ಕೆ ಇಳಿಯಿತಲ್ಲವೆ? ಇಳಿಯದು. ಮನುಷ್ಯ ಜಾತಿಯ ಯೋಧನು ಒಮ್ಮೆ ಮೈಚಾಚಿದ ಮೇಲೆ ಎಂಟು ಘಂಟೆ ಏಳುವವನಲ್ಲ. ಉಳಿದ ನಾಲ್ಕು ಘಂಟೆಗಳಲ್ಲಿ ಎಚ್ಚರವಾಗಿಯೇ ಇರುವ ಎಲ್ಫನು ಮಂತ್ರಗಳ ಪಟ್ಟಿಯನ್ನು ಬಿಚ್ಚಿ, ನಾಳೆಗೆ ಯಾವುದನ್ನು ಸಿದ್ಧಪಡಿಸಿಕೊಳ್ಳಲಿ ಎಂದು ಒಂದೊಂದನ್ನೇ ಗಟ್ಟಿಯಾಗಿ ಓದಿ, ಮೇಜಿನ ಸುತ್ತಲಿನ ಪ್ರತಿಯೊಬ್ಬರ ಅಭಿಪ್ರಾಯವನ್ನೂ ಕೇಳುತ್ತಾನೆ. ಆದುದರಿಂದ ಎಲ್ಫನ ವಿಷಯದಲ್ಲಿ ನಿದ್ರಾಧಿಕಾರವು ದ್ವಿಗುಣವೆಂದೇ ನಿರ್ಣಯ.