ಗಾಲಿತಡೆ ಮೀಮಾಂಸೆ ಅಥವಾ ದ್ರೋಣಪುರ ಪ್ರಾಂತ್ಯದಲ್ಲಿ ಬ್ರೇಕ್ ಪ್ಯಾಡಿನ ಅಂತ್ಯಕಾಲ ನಿರ್ಣಯ

ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಅಶ್ವತ್ಥಾಮ ಮತ್ತು ಅರ್ಜುನ ಇಬ್ಬರೂ ಬ್ರಹ್ಮಶಿರಾಸ್ತ್ರವನ್ನು ಬಿಡುತ್ತಾರೆ. ಋಷಿಗಳ ಮಾತಿಗೆ ಓಗೊಟ್ಟು ಅರ್ಜುನ ತನ್ನದನ್ನು ಹಿಂದಕ್ಕೆ ಪಡೆದರೆ, ಅಶ್ವತ್ಥಾಮನಿಗೆ ಅದು ಸಾಧ್ಯವಾಗುವುದಿಲ್ಲ. ಆಕ್ಸಿಲರೇಟರ್ ಇದ್ದು ಬ್ರೇಕ್ ಇಲ್ಲದಿರುವಿಕೆಯ ದುಷ್ಪರಿಣಾಮವನ್ನು ಇದಕ್ಕಿಂತ ವಿಸ್ತಾರವಾಗಿ ವಿವರಿಸಿದ ಗ್ರಂಥ ಮೋಟಾರು ಶಾಸ್ತ್ರದಲ್ಲಿಯೂ ಇಲ್ಲ. ಆ ಅಶ್ವತ್ಥಾಮನ ತಂದೆಯ ಹೆಸರಿನಿಂದ ದ್ರೋಣಪುರವೆನಿಸಿ, ಮುಂದೆ ನಾಲಿಗೆಯಲ್ಲಿ ಸವೆದು ರೋಣವಾಯಿತೆಂಬುದು ಗದಗ ಜಿಲ್ಲೆಯ ಆ ಊರಿನವರ ನಂಬಿಕೆಯಾದ್ದರಿಂದ, ಬ್ರೇಕ್ ಪ್ಯಾಡನ್ನು ಯಾವಾಗ ಬದಲಿಸಬೇಕೆಂಬ ವಿಚಾರಕ್ಕೆ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಗಿಂತ ಅಧಿಕೃತವಾದ ಕ್ಷೇತ್ರ ಬೇರೆ ಇರಲಾರದು.

ಮೊದಲು ಲಕ್ಷಣ ನಿರೂಪಣೆ. ಚಕ್ರದೊಂದಿಗೆ ತಿರುಗುವ ಕಬ್ಬಿಣದ ತಟ್ಟೆಗೆ ಡಿಸ್ಕ್ ಎಂದೂ, ಅದನ್ನು ಎರಡು ಕಡೆಯಿಂದ ಇಕ್ಕಳದಂತೆ ಅದುಮುವ ಸಾಧನಕ್ಕೆ ಕ್ಯಾಲಿಪರ್ ಎಂದೂ, ಆ ಇಕ್ಕಳದ ಬಾಯಲ್ಲಿದ್ದು ತಾನು ತೇದು ತಟ್ಟೆಯನ್ನು ಕಾಯುವ ಬಿಲ್ಲೆಗೆ ಪ್ಯಾಡ್ ಎಂದೂ ಹೆಸರು. ಸಣ್ಣ ಕಾರುಗಳ ಹಿಂಗಾಲಿಗಳಲ್ಲಿ ಸಾಮಾನ್ಯವಾಗಿ ಡ್ರಮ್ ಇರುವುದರಿಂದ ಅಲ್ಲಿ ತೇಯುವುದು ಪ್ಯಾಡ್ ಅಲ್ಲ, ಲೈನರ್. ಈ ಭೇದವನ್ನು ಅರಿಯದೆ ನಾಲ್ಕೂ ಗಾಲಿಗೆ ಪ್ಯಾಡ್ ಕೇಳುವವನನ್ನು ಬಿಡಿಭಾಗದ ಅಂಗಡಿಯವನು ನೋಡುವ ನೋಟದ ವರ್ಣನೆ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ಪ್ಯಾಡಿನ ಕಾರ್ಯವೆಂದರೆ ವೇಗವನ್ನು ಬಿಸಿಯಾಗಿ ಮಾರ್ಪಡಿಸುವುದು. ಒಂದು ಸಾವಿರ ಕಿಲೋ ತೂಕದ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ಒಮ್ಮೆ ನಿಂತಾಗ ಹುಟ್ಟುವ ಶಾಖ ಸುಮಾರು 1,39,000 ಜೂಲ್, ಅಂದರೆ ನಾಲ್ಕು ಕಪ್ಪು ಚಹಾದ ನೀರನ್ನು ಕುದಿಗೆ ತರುವಷ್ಟು. ಅದೇ ಕಾರು 30ರ ವೇಗದಲ್ಲಿದ್ದರೆ ಒಂದೇ ಕಪ್ಪು. ವೇಗ ಅರ್ಧಕ್ಕಿಳಿದರೆ ಚಹಾ ಕಾಲುಭಾಗಕ್ಕಿಳಿಯುತ್ತದೆಂಬ ಈ ನಿಯಮವನ್ನು ಬಸ್ ನಿಲ್ದಾಣದ ಚಹಾದಂಗಡಿಗಳು ಇನ್ನೂ ಗಮನಿಸಿದಂತಿಲ್ಲ.

ಪ್ಯಾಡಿನ ವಂಶಾವಳಿಯೂ ಇಲ್ಲಿ ಪ್ರಸ್ತುತ. 1888ರಲ್ಲಿ ಬರ್ತಾ ಬೆಂಜ್ ಎಂಬ ಗೃಹಿಣಿ ಗಂಡನಿಗೆ ಹೇಳದೆ ಆತನ ಮೋಟಾರು ಗಾಡಿಯನ್ನು ಜರ್ಮನಿಯ ಮ್ಯಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಓಡಿಸಿಕೊಂಡು ಹೋದಾಗ, ಇಳಿಜಾರಿನಲ್ಲಿ ಮರದ ಬ್ರೇಕ್ ತೇದುಹೋಗಲು, ದಾರಿಯ ಊರಿನಲ್ಲಿ ಜೋಡು ಹೊಲಿಯುವವನಿಂದ ಅದಕ್ಕೆ ತೊಗಲು ಬಡಿಸಿಕೊಂಡು ಮುಂದೆ ಸಾಗಿದರು. ಇದರಿಂದ ಪ್ಯಾಡು ಮೂಲತಃ ಪಾದರಕ್ಷೆಯ ಕುಲದ್ದೆಂದು ಸಿದ್ಧವಾಗುತ್ತದೆ. ಅಟ್ಟೆ ತೇದು ಹಿಮ್ಮಡಿ ನೆಲ ಮುಟ್ಟುವವರೆಗೂ ಚಪ್ಪಲಿ ಬಿಡದ ಸಜ್ಜನರು ಪ್ಯಾಡಿನ ವಿಷಯದಲ್ಲಿಯೂ ಅದೇ ಸಂಪ್ರದಾಯವನ್ನು ಪಾಲಿಸುವುದಕ್ಕೆ ಇದೇ ಕಾರಣವಿರಬೇಕು.

ಇನ್ನು ಪ್ರಮಾಣವಿಚಾರ. ಪ್ರಮಾಣವೆಂದರೆ ಸರಿಯಾದ ತಿಳಿವಿಗೆ ಸಾಧನವಾದದ್ದು. ನಮ್ಮ ದಾರ್ಶನಿಕರು ಶಬ್ದಪ್ರಮಾಣಕ್ಕೆ ಆಪ್ತವಾಕ್ಯ, ಅಂದರೆ ನಂಬಲರ್ಹನ ಮಾತು, ಎಂದು ಅರ್ಥ ಹೇಳಿದರು. ಪ್ಯಾಡು ಮಾಡಿದವರು ಅದನ್ನು ಅಕ್ಷರಶಃ ಗ್ರಹಿಸಿ ಶಬ್ದವನ್ನೇ ಪ್ರಮಾಣವಾಗಿಸಿದರು. ಅನೇಕ ಪ್ಯಾಡುಗಳ ಬೆನ್ನಿಗೆ ಉಕ್ಕಿನ ಸಣ್ಣ ನಾಲಗೆಯೊಂದನ್ನು ಕೂಡಿಸಿರುತ್ತಾರೆ. ಹೊಸದರಲ್ಲಿ ಹತ್ತು ಹನ್ನೆರಡು ಮಿಲಿಮೀಟರ್ ದಪ್ಪವಿದ್ದ ತೇಯುವ ಪದರ ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಆ ನಾಲಗೆ ತಟ್ಟೆಗೆ ತಾಗಿ ಕಿರ್ರೆನ್ನುತ್ತದೆ. ಇದು ಪ್ಯಾಡಿನ ಆಪ್ತವಾಕ್ಯ. ಇದನ್ನು ಕಡೆಗಣಿಸಿದವರಿಗೆ ಕೆಲದಿನಗಳಲ್ಲಿ ಕಿರ್ರೆಂಬುದು ಗರಗರ ಎಂಬುದಾಗಿ ಪರಿಣಮಿಸುತ್ತದೆ. ಅದು ಪ್ಯಾಡಿನ ಮಾತಲ್ಲ, ಪ್ಯಾಡು ತೀರಿಹೋದ ಮೇಲೆ ಅದರ ಉಕ್ಕಿನ ಬೆನ್ನು ತಟ್ಟೆಯೊಡನೆ ನಡೆಸುವ ವ್ಯಾಜ್ಯ. ಇದ್ದೆಡೆಯಲ್ಲಿ ಇಲ್ಲವೆಂದು ತಿಳಿಯುವ ಈ ಜ್ಞಾನಕ್ಕೆ ಅನುಪಲಬ್ಧಿ ಎಂಬ ಹೆಸರಿದ್ದು, ಆರು ಪ್ರಮಾಣಗಳಲ್ಲಿ ಅತ್ಯಂತ ದುಬಾರಿಯಾದದ್ದು ಇದೇ, ಏಕೆಂದರೆ ಇಲ್ಲಿ ಪ್ಯಾಡಿನ ಜತೆಗೆ ಡಿಸ್ಕನ್ನೂ ಕೊಳ್ಳಬೇಕಾಗುತ್ತದೆ.

ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಾನೆಂದು ಊಹಿಸುವುದು ಅರ್ಥಾಪತ್ತಿ. ಬಾನೆಟ್ಟಿನ ಕೆಳಗಿರುವ ಬ್ರೇಕ್ ಆಯಿಲ್ಲಿನ ಡಬ್ಬಿಯಲ್ಲಿ ಮಟ್ಟ ಇಳಿದಿದ್ದು, ಎಲ್ಲಿಯೂ ಸೋರಿಕೆ ಕಾಣದಿದ್ದರೆ, ಪ್ಯಾಡು ತೇದಷ್ಟೂ ಪಿಸ್ಟನ್ ಮುಂದೆ ಸರಿದು ಆ ತೆರವನ್ನು ಆಯಿಲ್ಲು ತುಂಬಿದೆಯೆಂದು ತಿಳಿಯತಕ್ಕದ್ದು. ಇದು ದೇವದತ್ತನ ನ್ಯಾಯವೇ, ಇಲ್ಲಿ ಆತ ದಪ್ಪಗಾಗುವ ಬದಲು ತೆಳ್ಳಗಾಗಿದ್ದಾನೆ ಅಷ್ಟೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವ ಅನುಮಾನ ಪ್ರಮಾಣವು ಗಜೇಂದ್ರಗಡದ ಸುತ್ತಲಿನ ಗುಡ್ಡಗಳನ್ನು ಗೇರ್ ತಗ್ಗಿಸದೆ ಬ್ರೇಕಿನ ಮೇಲೆಯೇ ಇಳಿಯುವವರಿಗೆ ಸುಟ್ಟ ವಾಸನೆಯ ರೂಪದಲ್ಲಿ ತಾನಾಗಿ ಲಭಿಸುತ್ತದೆ.

ಆದರೆ ಎಲ್ಲ ಕಿರ್ರೂ ಪ್ರಮಾಣವಲ್ಲ. ಮಳೆಯಾದ ಮರುದಿನ ಬೆಳಗ್ಗೆ ತಟ್ಟೆಯ ಮೇಲಿನ ತೆಳು ತುಕ್ಕು ನಾಲ್ಕು ಸಲ ಬ್ರೇಕ್ ಒತ್ತುವವರೆಗೆ ಸದ್ದು ಮಾಡಿ ಸುಮ್ಮನಾಗುತ್ತದೆ. ಎರೆಹೊಲದ ದಾರಿಯಲ್ಲಿ ಸಿಕ್ಕಿದ ಹರಳು, ರಾಶಿಗೆಂದು ಡಾಂಬರಿನ ಮೇಲೆ ಹರವಿದ ಬೆಳೆಯಿಂದ ಗಾಲಿಗೆ ಸುತ್ತಿಕೊಂಡ ಕಡ್ಡಿ, ಇವೂ ಕಿರುಗುಡುತ್ತವೆ. ಇಂಥವನ್ನು ಹೇತ್ವಾಭಾಸ, ಅಂದರೆ ಕಾರಣದಂತೆ ಕಂಡು ಕಾರಣವಲ್ಲದ್ದು, ಎನ್ನುತ್ತಾರೆ. ಕಿಲೋಮೀಟರ್ ಲೆಕ್ಕವೂ ಹೆಚ್ಚೂಕಡಿಮೆ ಇದೇ ಗುಂಪಿಗೆ ಸೇರುತ್ತದೆ. ಸಾಮಾನ್ಯವಾಗಿ 30,000ದಿಂದ 50,000 ಕಿ.ಮೀ. ಎನ್ನುವುದುಂಟು, ಆದರೆ ನರಗುಂದದಿಂದ ಹುಬ್ಬಳ್ಳಿಗೆ ಹೆದ್ದಾರಿಯಲ್ಲಿ ಒಂದೇ ಓಟಕ್ಕೆ ಹೋಗುವ ಕಾರಿಗೂ, ಸಂತೆಯ ದಿನ ಎಮ್ಮೆ, ಟ್ರ್ಯಾಕ್ಟರು, ರೋಡ್ ಹಂಪುಗಳ ನಡುವೆ ತೆವಳುವ ಕಾರಿಗೂ ಒಂದೇ ಲೆಕ್ಕ ಹೇಗೆ ಹೊಂದೀತು? ಕಾಲದ ಲೆಕ್ಕವಂತೂ ಇನ್ನೂ ದುರ್ಬಲ. ಮರಾಠರು ಮತ್ತು ಟಿಪ್ಪು ಸುಲ್ತಾನನ ಯುದ್ಧಕ್ಕೆ 1787ರಲ್ಲಿ ಗಜೇಂದ್ರಗಡದ ಒಪ್ಪಂದವೆಂಬ ಬ್ರೇಕು ಬಿದ್ದರೂ, 1790ರ ಹೊತ್ತಿಗೆ ಮರಾಠರು ಇಂಗ್ಲಿಷರ ಪಕ್ಕ ಸೇರಿ ಮತ್ತೆ ಟಿಪ್ಪುವಿನ ಮೇಲೆ ಹೊರಟಿದ್ದರು. ಆ ಪ್ಯಾಡು ಮೂರು ವರ್ಷ ಬಾಳಿತು.

ಈ ಸೀಮೆಯ ಪೂರ್ವಪಕ್ಷವನ್ನು, ಅಂದರೆ ಖಂಡಿಸಬೇಕಾದ ಎದುರುವಾದವನ್ನು, ಅನುಕೂಲಕ್ಕಾಗಿ ನಡಿತೈತಿವಾದ ಎಂದು ಕರೆಯಬಹುದು. "ಪ್ಯಾಡ್ ಪೂರಾ ಸವದಾವ್ರಿ ಸಾವ್ಕಾರ್ರ" ಎಂದು ಗ್ಯಾರೇಜಿನವನು ಮಂಡಿಸಿದರೆ, "ಸುಗ್ಗಿ ಮಟ ನಡೀತೈತಿ ಬಿಡೋ ತಮ್ಮಾ" ಎಂಬುದು ಇದರ ಸೂತ್ರ. ವಿಸ್ಮಯದ ಸಂಗತಿಯೆಂದರೆ, ಹೀಗೆನ್ನುವ ಸಾವ್ಕಾರರೇ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಅದರ ತುಟಿಯೆತ್ತಿ ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದ್ದೋ ಎಂದು ನೋಡದೆ ಕಾಸು ಬಿಚ್ಚುವವರಲ್ಲ. ಕ್ಯಾಲಿಪರ್ ಕೂಡ ಒಂದು ಬಾಯಿ, ಪ್ಯಾಡು ಕೂಡ ಒಂದು ಹಲ್ಲು. ಉಪಮಾನ ಪ್ರಮಾಣ ಇದಕ್ಕಿಂತ ಹತ್ತಿರ ಬರಲಾರದು. ತೇಯುವ ಪದರ ಮೂರು ಮಿಲಿಮೀಟರಿಗೆ ಬಂದರೆ ಬದಲಿಸತಕ್ಕದ್ದು. ಕಟಕ ರೊಟ್ಟಿಗೆ ಸಮನಾಗಿ ಕಂಡರೆ ಆಗಲೇ ತಡವಾಗಿದೆಯೆಂದು ತಿಳಿಯತಕ್ಕದ್ದು. ಬದಲಿಸುವಾಗಲೂ ಜೋಡೆತ್ತಿನ ನ್ಯಾಯವೇ: ಚಕ್ಕಡಿಗೆ ಒಂದು ಹೊಸದು ಒಂದು ಮುದಿಯದು ಹೂಡಿದರೆ ಅದು ಒಂದು ಕಡೆಗೆ ಎಳೆಯುವಂತೆ, ಎಡಗಾಲಿಗೊಂದೇ ಹೊಸ ಪ್ಯಾಡು ಹಾಕಿದ ಕಾರೂ ಎಳೆಯುತ್ತದೆ, ಆದ್ದರಿಂದ ಮುಂದಿನ ಎರಡೂ ಗಾಲಿಗಳ ನಾಲ್ಕೂ ಪ್ಯಾಡುಗಳು ಒಟ್ಟಿಗೆ ಬದಲಾಗಬೇಕು. ಹಾಕಿಸಿದ ಮೇಲೆ ಗಾಡಿ ಹೊರಡಿಸುವ ಮುನ್ನ ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಬೇಕೆಂಬ ವಿಧಿಯನ್ನು ಮರೆತವರು ಗ್ಯಾರೇಜಿನ ಎದುರಿನ ಗೋಡೆಯ ಬಳಿ ಅದನ್ನು ನೆನೆಯುತ್ತಾರೆ.

ಉಳಿದದ್ದು ಪ್ರತ್ಯಕ್ಷ ಪ್ರಮಾಣ ಒಂದೇ. ಮೊಬೈಲಿನ ಬೆಳಕನ್ನು ಮುಂಗಾಲಿಯ ಕಂಡಿಯೊಳಗೆ ಹಿಡಿದರೆ ಹೊರಗಡೆಯ ಪ್ಯಾಡು ಕಾಣುತ್ತದೆ. ಅನೇಕ ಕಾರುಗಳಲ್ಲಿ ಮೊದಲು ತೇಯುವುದು ಒಳಗಡೆಯದು. ಅದನ್ನು ನೋಡಲು ಗಾಲಿ ಬಿಚ್ಚಬೇಕು, ಗಾಲಿ ಬಿಚ್ಚಲು ಜಾಕ್ ಬೇಕು, ಆ ಜಾಕ್ ಡಿಕ್ಕಿಯಲ್ಲಿ ಜೋಳದ ಚೀಲದ ಕೆಳಗಿದೆ.